ವಿಳಾಸದೊಳಗೆ ಬಂದು ಕುಳಿತ ಸಂಖ್ಯೆ

ಈಗ ನಿಮಗೆ ಕಾಣುತ್ತಿರುವುದು ನಮ್ಮ ಮನೆಯ ಊಟದ ಮೇಜು. ಆನ್‌ಲೈನ್ ಮಾರಾಟ ತಾಣದ ಮೂಲಕ ವಿದೇಶಕ್ಕೆ ಆಟಿಕೆ ಮಾರುವ ನನಗೆ ಬೆಳಗಿನ ತಿಂಡಿ ಮುಗಿದ ಮೇಲೆ ಇದೇ ಗೋದಾಮು. ಚನ್ನಪಟ್ಟಣದ ಗಿಲಕಿ, ಬುಗುರಿ, ಅರಗಿನ ಬಣ್ಣ ಹಚ್ಚಿದ ಪುಟ್ಟ ಗಾಡಿ. ಇವತ್ತು ಐದು ಪೆಟ್ಟಿಗೆ ಹೊರಡಬೇಕು. ಲೇಬಲ್‌ಗಳ ಮೇಲೆ ಕಾಗದ ಮುಚ್ಚಿದ್ದೇನೆ. ಗಿರಾಕಿಗಳ ವಿಳಾಸ ಕ್ಯಾಮೆರಾಗೆ ತೋರಿಸುವಂಥದ್ದಲ್ಲ.

ಈ ಆರನೆಯ ಪೆಟ್ಟಿಗೆ ಮಾತ್ರ ಹೋಗಿ ಬಂದದ್ದು. ಮೂಲೆಗಳೆಲ್ಲ ನಜ್ಜುಗುಜ್ಜು, ಮೇಲೆ ‘ರಿಟೂರ್’, ಅಂದರೆ ವಾಪಸ್, ಎಂದು ಅಚ್ಚಾದ ಚೀಟಿ. ಎರಡೂವರೆ ತಿಂಗಳು ಊರೂರು ಸುತ್ತಿ, ಜರ್ಮನಿಯಿಂದ ನನ್ನ ಬಾಗಿಲಿಗೇ ಬಂತು. ತಪ್ಪು ನನ್ನದೇ. ಆರ್ಡರ್‌ನಲ್ಲಿ ಹೆಸರಿನ ಕೆಳಗೆ ಒಂದು ಉದ್ದನೆಯ ಸಂಖ್ಯೆ, ಅದರ ಕೆಳಗೆ ‘ಪ್ಯಾಕ್‌ಸ್ಟೇಷನ್’ ಎಂದು ಬರೆದು ಇನ್ನೊಂದು ಸಂಖ್ಯೆ. ಬೀದಿಯ ಹೆಸರೇ ಇಲ್ಲ. ಉದ್ದದ್ದು ಫೋನ್ ನಂಬರ್ ಇರಬೇಕೆಂದುಕೊಂಡು ವಿಳಾಸದಿಂದ ಅಳಿಸಿದೆ. ಅಚ್ಚುಕಟ್ಟು ಮಾಡಿದೆನೆಂಬ ಹೆಮ್ಮೆ ಬೇರೆ!

ಪ್ಯಾಕ್‌ಸ್ಟೇಷನ್ ಎಂದರೆ ಡಿಎಚ್‌ಎಲ್ ಎಂಬ ಪಾರ್ಸೆಲ್ ಕಂಪನಿಯ ಹಳದಿ ಬಣ್ಣದ ಲಾಕರ್ ಸಾಲು. ಅಲ್ಲಿನವರು ಮನೆಯಲ್ಲಿ ಇರದಿದ್ದಾಗ ಪಾರ್ಸೆಲ್ ಅಲ್ಲಿಗೆ ತರಿಸಿಕೊಳ್ಳುತ್ತಾರೆ. ಯಾವ ಲಾಕರ್ ಸಾಲು ಎಂದು ಹೇಳುವುದು ಪ್ಯಾಕ್‌ಸ್ಟೇಷನ್ ಸಂಖ್ಯೆ. ಪಾರ್ಸೆಲ್ ಯಾರದು ಎಂದು ಹೇಳುವುದು ಗ್ರಾಹಕರಿಗೆ ಕೊಟ್ಟಿರುವ ‘ಪೋಸ್ಟ್‌ನುಮ್ಮರ್’. ನಾನು ಅಳಿಸಿದ್ದು ಅದನ್ನೇ.

ನಗಬೇಡಿ. ನಮ್ಮ ಬೆಂಗಳೂರಿನ ವಿಳಾಸ ಹೇಗಿರುತ್ತದೆ? ಹೊಸ ನಂಬರ್, ಹಳೆ ನಂಬರ್, ಎರಡನೇ ಮೇನ್, ಏಳನೇ ಕ್ರಾಸ್, ಮೂರನೇ ಹಂತ. ಜರ್ಮನಿಯವರು ನನ್ನಂತೆ ಅಚ್ಚುಕಟ್ಟು ಮಾಡಲು ಹೊರಟರೆ ನಮ್ಮ ಮನೆಯೇ ಮಾಯವಾದೀತು.

ಆಮೇಲೆ ಬ್ರೆಜಿಲ್‌ನಿಂದ ಹನ್ನೊಂದು ಅಂಕಿಗಳು ಬಂದವು. ಅದು ಸಿಪಿಎಫ್, ಅವರ ತೆರಿಗೆ ಗುರುತಿನ ಸಂಖ್ಯೆ. ಕಸ್ಟಮ್ಸ್‌ನವರು ಕೇಳುವುದೇ ಅದನ್ನು. ದಕ್ಷಿಣ ಕೊರಿಯಾದಿಂದ ಪಿ ಅಕ್ಷರ, ಅದರ ನಂತರ ಹನ್ನೆರಡು ಅಂಕಿ. ಅದೂ ಕಸ್ಟಮ್ಸ್‌ಗೇ. ಅಮೆರಿಕದ ವಿಳಾಸದಲ್ಲಿ ‘ಸ್ಯೂಟ್’ ಎಂದು ಉದ್ದನೆಯ ಸಂಖ್ಯೆ ಕಂಡರೆ ಅದು ಪಾರ್ಸೆಲ್ ಮುಂದಕ್ಕೆ ಕಳುಹಿಸುವವರ ಗೋದಾಮು ಇರಬಹುದು. ಸಾವಿರಾರು ಜನರಿಗೆ ಒಂದೇ ಕಟ್ಟಡ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವುದು ಆ ಸಂಖ್ಯೆ ಮಾತ್ರ.

ಹಾಗೆಂದು ಕಂಡ ಸಂಖ್ಯೆಯನ್ನೆಲ್ಲ ವಿಳಾಸಕ್ಕೆ ತುರುಕುವುದೂ ಅಲ್ಲ. ಯುರೋಪಿನ ಒಕ್ಕೂಟಕ್ಕೆ 150 ಯೂರೋವರೆಗಿನ ಸಾಮಾನು ಕಳುಹಿಸುವಾಗ ಮಾರಾಟ ತಾಣ ಐಎಂ ಎಂದು ಶುರುವಾಗುವ ಐಒಎಸ್‌ಎಸ್ ಸಂಖ್ಯೆ ಕೊಡುತ್ತದೆ. 2021ರ ಜುಲೈ 1ರಿಂದ ಜಾರಿಯಲ್ಲಿರುವ ತೆರಿಗೆ ವ್ಯವಸ್ಥೆ ಅದು. ಆ ಸಂಖ್ಯೆ ಹೋಗಬೇಕಾದದ್ದು ಕಸ್ಟಮ್ಸ್‌ನ ಆನ್‌ಲೈನ್ ವಿವರಕ್ಕೆ, ಹೆಸರಿನ ಕೆಳಗಲ್ಲ. ಗೊತ್ತಾಗದಿದ್ದರೆ ನಾನೀಗ ಗಿರಾಕಿಯನ್ನೇ ಕೇಳುತ್ತೇನೆ, ಅದೂ ಮಾರಾಟ ತಾಣದ ಸಂದೇಶದಲ್ಲೇ. ‘ವಿಳಾಸ ಬೇರೆಯದು ಹಾಕಿಬಿಡಿ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಒಪ್ಪುವುದಿಲ್ಲ. ಒಪ್ಪಿಬಿಟ್ಟರೆ, ನಾಳೆ ತಕರಾರು ಎದ್ದಾಗ ಆರ್ಡರ್‌ನಲ್ಲಿರುವ ವಿಳಾಸಕ್ಕೆ ಕಳುಹಿಸಿದ್ದೇನೆ ಎಂದು ತೋರಿಸಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಕಿತಾಪತಿ ಲೇಬಲ್‌ನದ್ದು. ಕೆಲವು ಕೊರಿಯರ್ ತಂತ್ರಾಂಶಗಳಲ್ಲಿ ವಿಳಾಸದ ಒಂದು ಸಾಲಿಗೆ 35 ಅಕ್ಷರ ಮಾತ್ರ. ಮಿಕ್ಕಿದ್ದು ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ, ಹೋಗುವುದು ಸಾಲಿನ ಕೊನೆಯಲ್ಲಿರುವ ಸಂಖ್ಯೆಯೇ. ಅದಕ್ಕೇ ಅಚ್ಚಾದ ಲೇಬಲ್ ಮೇಲೆ ಬೆರಳಿಟ್ಟು, ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಅಂಕಿ ಎಣಿಸುತ್ತೇನೆ.

ಈಗ ಅಂಚೆ ಕಚೇರಿ. ಐದರಲ್ಲಿ ಒಂದು ಮತ್ತೆ ಜರ್ಮನಿಗೆ, ಅದೂ ಪ್ಯಾಕ್‌ಸ್ಟೇಷನ್‌ಗೆ. ಕೌಂಟರ್‌ನ ಹಿರಿಯರು ಕನ್ನಡಕ ಸರಿಮಾಡಿಕೊಂಡರು.

“ಏನಮ್ಮ, ಇದು ಫೋನ್ ನಂಬರ್ ತಾನೇ?”

“ಅಲ್ಲ ಸರ್, ವಿಳಾಸದಲ್ಲೇ ಇರಲಿ. ಹೆಸರಿನ ಕೆಳಗೆ.”

“ಬೀದಿ ಹೆಸರು?”

“ಇಲ್ಲ ಸರ್.”

ನನ್ನನ್ನೊಮ್ಮೆ ನೋಡಿದರು, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಆಮೇಲೆ ಒಂದೊಂದೇ ಅಂಕಿಯನ್ನು ಜೋರಾಗಿ ಓದಿಕೊಳ್ಳುತ್ತ ಟೈಪ್ ಮಾಡಿದರು. ನಾನು ಈಚೆಯಿಂದ ಎಣಿಸುತ್ತಿದ್ದೆ.