ಪಾಸ್‌ಬುಕ್ ಹಿಡಿದು ಕಾದವರು

ಕೇಳುಗರಿಗೆ ನಮಸ್ಕಾರ. ಅಮೆರಿಕದಲ್ಲಿ ಫ್ರೀಡ್‌ಮನ್ಸ್ ಬ್ಯಾಂಕ್ ಅಂತ ಒಂದಿತ್ತು. ಅದು ಮುಳುಗಿದ್ದಕ್ಕಿಂತ, ಮುಳುಗಿದ ಮೇಲೆ ದುಡ್ಡು ಇಟ್ಟವರನ್ನು ನಡೆಸಿಕೊಂಡ ರೀತಿ ನನ್ನನ್ನು ಜಾಸ್ತಿ ಕಾಡುತ್ತದೆ.

1865ರ ಮಾರ್ಚ್ 3ರಂದು ಅಧ್ಯಕ್ಷ ಲಿಂಕನ್ ಈ ಬ್ಯಾಂಕಿನ ಕಾಯ್ದೆಗೆ ಸಹಿ ಹಾಕಿದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ತಮ್ಮ ದುಡಿಮೆಯ ಕೂಲಿಯನ್ನು ತಮ್ಮ ಕೈಯಲ್ಲೇ ಎಣಿಸಲು ಶುರುಮಾಡಿದ್ದ ಕಾಲ. ಐದು ಸೆಂಟ್ ತಂದರೂ ಬ್ಯಾಂಕ್ ತೆಗೆದುಕೊಳ್ಳುತ್ತಿತ್ತು. ಬಟ್ಟೆ ಒಗೆಯುವ ಹೆಂಗಸರು, ಹೊಲದ ಆಳುಗಳು, ಸೈನಿಕರು ಬಂದು ದುಡ್ಡು ಕಟ್ಟಿದರು. ಇದರ ಹಿಂದೆ ಸರ್ಕಾರವೇ ನಿಂತಿದೆ ಎಂದು ಅವರನ್ನು ನಂಬಿಸಲಾಗಿತ್ತು. ಅದು ನಿಜವಾಗಿರಲಿಲ್ಲ.

ಖಾತೆ ತೆರೆಯುವಾಗ ಗುಮಾಸ್ತ ಬರೀ ಹೆಸರು ಕೇಳಿ ಬಿಡುತ್ತಿರಲಿಲ್ಲ. ಹುಟ್ಟಿದ್ದೆಲ್ಲಿ, ಹಿಂದಿನ ಯಜಮಾನ ಯಾರು, ಅಪ್ಪ ಅಮ್ಮ ಯಾರು, ಒಡಹುಟ್ಟಿದವರು ಎಷ್ಟು ಜನ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದ. ಮಾರಾಟವಾಗಿ ದಿಕ್ಕಿಗೊಬ್ಬರಾದ ಕುಟುಂಬಗಳ ಗುರುತು ಆ ರಿಜಿಸ್ಟರುಗಳಲ್ಲಿ ಉಳಿಯಿತು. 2001ರಲ್ಲಿ ಅದರಲ್ಲಿದ್ದ ಸುಮಾರು 4,80,000 ಹೆಸರುಗಳ ಸೂಚಿ ಹೊರಬಂತು. ಕಪ್ಪು ಅಮೆರಿಕನ್ನರು ತಮ್ಮ ಹಿರಿಯರನ್ನು ಅಲ್ಲಿ ಈಗಲೂ ಹುಡುಕುತ್ತಾರೆ.

ಮೊದಮೊದಲು ಠೇವಣಿ ಹಣ ಸರ್ಕಾರಿ ಬಾಂಡುಗಳಲ್ಲಿ ಭದ್ರವಾಗಿತ್ತು. 1870ರಲ್ಲಿ ಕಾಯ್ದೆ ತಿದ್ದಿ, ಜಾಗ ಮನೆ ಅಡಮಾನ ಇಟ್ಟುಕೊಂಡು ಸಾಲ ಕೊಡಲು ಅವಕಾಶ ಮಾಡಿದರು. ಬ್ಯಾಂಕಿನ ಹಣಕಾಸು ಸಮಿತಿಯ ಮುಖ್ಯಸ್ಥ ಹೆನ್ರಿ ಕುಕ್. ಅವರ ಅಣ್ಣ ಜೇ ಕುಕ್ ದೊಡ್ಡ ಬ್ಯಾಂಕರ್. ದುಡ್ಡು ತಮಗೆ ಬೇಕಾದವರ ಕೈಗೆ ಸಾಲವಾಗಿ ಹೋಯಿತು. 1873ರ ಸೆಪ್ಟೆಂಬರಿನಲ್ಲಿ ಜೇ ಕುಕ್ ಕಂಪನಿ ಬಿದ್ದಾಗ ದೇಶವೆಲ್ಲ ನಡುಗಿತು, ಜನ ದುಡ್ಡು ವಾಪಸ್ ಕೇಳಲು ಸಾಲುಗಟ್ಟಿದರು.

1874ರ ಮಾರ್ಚಿನಲ್ಲಿ, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರನ್ನು ಬ್ಯಾಂಕಿನ ಅಧ್ಯಕ್ಷರನ್ನಾಗಿ ಕೂರಿಸಿದರು. ಸ್ವತಃ ಗುಲಾಮರಾಗಿ ಹುಟ್ಟಿದ ಧೀಮಂತ ಅವರು. ತಮ್ಮ ಕೈಯಿಂದ 10,000 ಡಾಲರ್ ಬ್ಯಾಂಕಿಗೆ ಸಾಲವಾಗಿ ಕೊಟ್ಟರು. ಆದರೆ ಒಳಗೆ ಎಲ್ಲ ಟೊಳ್ಳಾಗಿತ್ತು. ಜೂನ್ ಕೊನೆಗೆ ಬ್ಯಾಂಕ್ ಮುಚ್ಚುವ ತೀರ್ಮಾನವಾಯಿತು. 61,144 ಠೇವಣಿದಾರರಿಗೆ ಬರಬೇಕಿದ್ದದ್ದು ಸುಮಾರು 30 ಲಕ್ಷ ಡಾಲರ್.

ಬ್ಯಾಂಕಿನ ಆಸ್ತಿ ಮಾರಿ ದುಡ್ಡು ಹಂಚಲು ಮೂವರು ಕಮಿಷನರುಗಳು ಬಂದರು. ಅವರ ಸಂಬಳವೂ ಬ್ಯಾಂಕಿನಲ್ಲಿ ಉಳಿದ ಹಣದಿಂದಲೇ! ಆರ್ಥಿಕ ಕುಸಿತದ ಕಾಲದಲ್ಲಿ ಅಡಮಾನದ ಜಾಗಗಳನ್ನು ಯಾರು ಒಳ್ಳೆ ಬೆಲೆಗೆ ಕೊಳ್ಳುತ್ತಾರೆ? ಮೊದಲ ಕಂತು, ಶೇ. 20, ಕೈಗೆ ಬಂದದ್ದು 1875ರಲ್ಲಿ. 1881ರಲ್ಲಿ ಕೆಲಸ ಸರ್ಕಾರಿ ಅಧಿಕಾರಿಯೊಬ್ಬರ ಕೈಗೆ ಹೋಯಿತು. 1883ರವರೆಗೆ ಒಟ್ಟು ಐದು ಕಂತು, ಸೇರಿದರೆ ಶೇ. 62.

ಕೇಳಲು ಅಷ್ಟೇನೂ ಕಡಿಮೆ ಅನ್ನಿಸದು. ಆದರೆ ಅದನ್ನು ಪಡೆಯಲು ಪಾಸ್‌ಬುಕ್ಕನ್ನು ವಾಷಿಂಗ್ಟನ್‌ಗೆ ಕಳಿಸಬೇಕು. ಓದು ಬರಹ ಬಾರದವರು, ಕೆಲಸ ಹುಡುಕಿ ಊರು ಬಿಟ್ಟವರು, ಪಾಸ್‌ಬುಕ್ ಕಳೆದುಕೊಂಡವರು ಏನು ಮಾಡಬೇಕಿತ್ತು? ಎಷ್ಟೋ ಜನಕ್ಕೆ ಬಿಡಿಗಾಸೂ ಸಿಗಲಿಲ್ಲ. ಸಾಲ ತಿಂದ ದೊಡ್ಡವರಿಗೆ ಸಿಕ್ಕ ಸಲುಗೆ, ಐದು ಸೆಂಟ್ ಕೂಡಿಟ್ಟವರಿಗೆ ಸಿಗಲಿಲ್ಲ. ಇದನ್ನು ನಾನು ಅನ್ಯಾಯ ಅಂತಲೇ ಕರೆಯುತ್ತೇನೆ.

ಈ ಠೇವಣಿದಾರರ ಬಾಕಿ ತೀರಿಸುವುದು ಸರ್ಕಾರದ ಕರ್ತವ್ಯ ಎಂದು 1886ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರೇ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಬರೆದು ಹೇಳಿದರು. ಕಾಂಗ್ರೆಸ್ ಆ ದುಡ್ಡು ಕೊಡಲಿಲ್ಲ.