ರೈಲು ಕೇಳುವವರ ಕೈಯಲ್ಲಿ ವೇಳಾಪಟ್ಟಿ ಇರಲಿ

ಕೇಳುಗರಿಗೆ ನಮಸ್ಕಾರ.

ತಮ್ಮ ಮಾರ್ಗಕ್ಕೆ ಇನ್ನಷ್ಟು ಪ್ರಯಾಣಿಕ ರೈಲುಗಳು ಬೇಕೆಂದು ನಾಗರಿಕರು ಕೇಳುವುದು ಹೆಚ್ಚುಕಡಿಮೆ ರೈಲಿನಷ್ಟೇ ಹಳೆಯ ಸಂಗತಿ. ಸಹಿ ಸಂಗ್ರಹವಾಗುತ್ತದೆ, ನಿಯೋಗ ಹೋಗುತ್ತದೆ, ಮನವಿ ಸಲ್ಲಿಸುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಕೆಲವು ತಿಂಗಳ ನಂತರ, ವಿಷಯ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ಉತ್ತರ ಬಂದು ಕಡತ ಕಪಾಟು ಸೇರುತ್ತದೆ. ಇದಕ್ಕೆಲ್ಲ ಅಧಿಕಾರಿಗಳ ಉದಾಸೀನವೊಂದೇ ಕಾರಣ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬಹಳಷ್ಟು ಮನವಿಗಳಲ್ಲಿ ರೈಲು ಬೇಕು ಎಂಬ ಮಾತು ಇರುತ್ತದೆಯೇ ಹೊರತು, ಅದು ಎಷ್ಟು ಗಂಟೆಗೆ ಹೊರಡಬೇಕು, ಅದಕ್ಕೆ ರೇಕ್, ಅಂದರೆ ಜೋಡಿಸಿದ ಬೋಗಿಗಳ ಸಾಲು, ಎಲ್ಲಿಂದ ಬರಬೇಕು, ಎದುರಿನಿಂದ ಬರುವ ಗಾಡಿಯನ್ನು ಯಾವ ನಿಲ್ದಾಣದಲ್ಲಿ ದಾಟಬೇಕು, ತಲುಪಿದ ಮೇಲೆ ಎಲ್ಲಿ ನಿಂತಿರಬೇಕು ಎಂಬುದರ ಸುಳಿವೇ ಇರುವುದಿಲ್ಲ. ಮನವಿಯನ್ನು ಓದುವ ಸಂಚಾರ ವಿಭಾಗದ ಸಿಬ್ಬಂದಿ ಮೊದಲು ಕೇಳಿಕೊಳ್ಳುವುದು ಇವೇ ಪ್ರಶ್ನೆಗಳನ್ನು. ಉತ್ತರ ಮನವಿಯಲ್ಲೇ ಇದ್ದರೆ ಅವರು ಅದನ್ನು ಒಪ್ಪಬೇಕು ಅಥವಾ ಕಾರಣ ಕೊಟ್ಟು ಅಲ್ಲಗಳೆಯಬೇಕು. ಇಲ್ಲದಿದ್ದರೆ, ಸಾಧ್ಯವಿಲ್ಲ ಎಂದು ಬರೆಯುವುದು ಸುಲಭ.

ಒಂಟಿ ಹಳಿಯ ಮಾರ್ಗವನ್ನೇ ತೆಗೆದುಕೊಳ್ಳೋಣ. ಎರಡು ನಿಲ್ದಾಣಗಳ ನಡುವೆ ಹನ್ನೆರಡು ಕಿಲೋಮೀಟರ್ ಅಂತರವಿದೆ, ನಡುವೆ ಎಲ್ಲಿಯೂ ಕ್ರಾಸಿಂಗ್, ಅಂದರೆ ಎದುರುಬದುರಿನ ಗಾಡಿಗಳು ಒಂದನ್ನೊಂದು ದಾಟುವ ಜಾಗ, ಇಲ್ಲ ಎಂದುಕೊಳ್ಳಿ. ಗಂಟೆಗೆ ಸರಾಸರಿ ನಲವತ್ತೆಂಟು ಕಿಲೋಮೀಟರ್ ವೇಗದಲ್ಲಿ ಚಲಿಸುವ ಪ್ಯಾಸೆಂಜರ್ ರೈಲು ಆ ಅಂತರವನ್ನು ಕ್ರಮಿಸಲು ಹದಿನೈದು ನಿಮಿಷ ಬೇಕು. ಅದು ನಿಲ್ದಾಣದೊಳಗೆ ಪೂರ್ತಿ ಬಂದು, ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಬದಲಾಗಿ, ಎದುರಿನ ಗಾಡಿಗೆ ಸಿಗ್ನಲ್ ಸಿಗುವ ಹೊತ್ತಿಗೆ ಇನ್ನೂ ನಾಲ್ಕೈದು ನಿಮಿಷ ಹಿಡಿಯುತ್ತದೆ. ಅಂದರೆ ಒಂದು ಗಾಡಿಗೆ ಇಪ್ಪತ್ತು ನಿಮಿಷ, ಒಂದು ಗಂಟೆಗೆ ಎರಡೂ ದಿಕ್ಕು ಸೇರಿ ಮೂರು ಗಾಡಿ. ಗೂಡ್ಸ್ ರೈಲುಗಳು ಬರುವುದು, ಎಕ್ಸ್‌ಪ್ರೆಸ್‌ಗಳು ಹಾಯುವುದು, ಹಳಿ ದುರಸ್ತಿಗೆ ಬಿಡುವು ಕೊಡುವುದು ಎಲ್ಲವೂ ಈ ಮೂರರೊಳಗೇ ಆಗಬೇಕು. ಇಂಥ ಮಾರ್ಗದಲ್ಲಿ ಹೊಸ ರೈಲು ಕೊಡಿ ಎಂದು ವರ್ಷಗಟ್ಟಲೆ ಕೇಳುವುದಕ್ಕಿಂತ, ಆ ಹನ್ನೆರಡು ಕಿಲೋಮೀಟರಿನ ಮಧ್ಯದಲ್ಲಿ ಒಂದು ಗಾಡಿ ಬದಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡುವ ಕ್ರಾಸಿಂಗ್ ಲೂಪ್ ಹಾಕಿ ಎಂದು ಕೇಳುವುದು ಹೆಚ್ಚು ಫಲ ಕೊಟ್ಟೀತು. ಲೂಪ್ ಉದ್ಘಾಟನೆಗೆ ಹಸಿರು ಬಾವುಟ ಬೀಸಿ ಚಿತ್ರ ತೆಗೆಸಿಕೊಳ್ಳಲು ಬರುವುದಿಲ್ಲ ಎಂಬುದು ನಿಜ. ಬಹುಶಃ ಅದಕ್ಕೇ ಅದನ್ನು ಕೇಳುವವರು ಕಡಿಮೆ.

ರೇಕಿನ ಮಾತೂ ಹೀಗೆಯೇ. ಬೆಳಿಗ್ಗೆ ಹತ್ತಕ್ಕೆ ಬಂದ ರೈಲು ಸಂಜೆ ಐದಕ್ಕೆ ಹಿಂದಿರುಗುವುದಾದರೆ ನಡುವಿನ ಏಳು ಗಂಟೆ ಬೋಗಿಗಳು ಸುಮ್ಮನೆ ನಿಂತಿರುತ್ತವೆ. ಇದನ್ನು ಲೈ ಓವರ್ ಎನ್ನುತ್ತಾರೆ. ಶುಚಿಗೊಳಿಸಲು, ತಪಾಸಣೆ ಮಾಡಲು, ಬೆಳಗಿನ ಗಾಡಿ ತಡವಾದರೆ ಸರಿದೂಗಿಸಲು ಬೇಕಾದ ಸಮಯವನ್ನು ಕಳೆದರೂ, ಹೋಗಲು ಎರಡು ಗಂಟೆ, ಬರಲು ಎರಡು ಗಂಟೆಯ ಒಂದು ಓಡಾಟಕ್ಕೆ ಅವಕಾಶ ಉಳಿಯುತ್ತದೆ. ಹೊಸ ಬೋಗಿ ಕೊಳ್ಳದೆಯೇ ಒಂದು ಜೋಡಿ ರೈಲು ಹುಟ್ಟುವುದು ಇಲ್ಲಿಂದಲೇ. ಯಾವ ರೇಕ್ ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ದಿನವೂ ಓಡಾಡುವ ಪ್ರಯಾಣಿಕರಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಆ ತಿಳಿವಳಿಕೆ ನಿಲ್ದಾಣದ ಹರಟೆಯಲ್ಲೇ ಉಳಿಯದೆ ಕಾಗದಕ್ಕೆ ಇಳಿಯಬೇಕು. ಭಾರತದ ರೈಲ್ವೆಯಲ್ಲಿ ವಿಭಾಗ ಮಟ್ಟದಲ್ಲಿಯೂ ವಲಯ ಮಟ್ಟದಲ್ಲಿಯೂ ಬಳಕೆದಾರರ ಸಲಹಾ ಸಮಿತಿಗಳಿವೆ; ಬೇರೆ ದೇಶಗಳಲ್ಲಿ ಬೇರೆ ಹೆಸರಿನ ವೇದಿಕೆಗಳಿವೆ. ಅಂಥ ಸಭೆಗಳಲ್ಲಿ ಹತ್ತು ಬೇಡಿಕೆಗಳ ಪಟ್ಟಿಗಿಂತ, ಲೆಕ್ಕ ಹಾಕಿ ತಂದ ಒಂದೇ ಒಂದು ವೇಳಾಪಟ್ಟಿಗೆ ತೂಕ ಹೆಚ್ಚು.

ಇನ್ನು ಜನ ಎಷ್ಟಿದ್ದಾರೆ ಎಂಬ ಪ್ರಶ್ನೆ. ಇದರಲ್ಲಿ ನಾಗರಿಕರು ಅತ್ಯಂತ ಎಚ್ಚರದಿಂದ ಇರಬೇಕು. ಯಾವಾಗ ಎಣಿಸಿದರು, ಹೇಗೆ ಎಣಿಸಿದರು ಎಂಬುದರ ಮೇಲೆಯೇ ಫಲಿತಾಂಶ ನಿಂತಿರುತ್ತದೆ. 1963ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಪ್ರಕಟಿಸಿದರು. ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನೂ ಸುಮಾರು 8,000 ಕಿಲೋಮೀಟರ್ ಮಾರ್ಗವನ್ನೂ ಮುಚ್ಚಬೇಕೆಂದು ಅದು ಸೂಚಿಸಿತು. ಅದಕ್ಕೆ ಆಧಾರವಾಗಿ ಬಳಸಿದ ಪ್ರಯಾಣಿಕರ ಗಣತಿ ನಡೆದದ್ದು 1961ರ ಏಪ್ರಿಲ್ ತಿಂಗಳ ಒಂದು ವಾರದಲ್ಲಿ. ಬೇಸಿಗೆಯ ರಜೆಯಲ್ಲಿ ತುಂಬಿ ತುಳುಕುವ ಕಡಲತೀರದ ನಿಲ್ದಾಣಗಳು ಏಪ್ರಿಲ್‌ನಲ್ಲಿ ಖಾಲಿಯಾಗಿಯೇ ಇರುತ್ತವೆ ಎಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು. ಇಂಥ ಎಣಿಕೆಯಲ್ಲಿ ಇನ್ನೂ ಒಂದು ಸಿಕ್ಕು ಇದೆ. ದಿನಕ್ಕೆ ಎರಡೇ ರೈಲು, ಅದೂ ಕಚೇರಿಗೂ ಶಾಲೆಗೂ ಹೊಂದದ ಹೊತ್ತಿನಲ್ಲಿ ಓಡುವ ಮಾರ್ಗದಲ್ಲಿ ಜನ ಹತ್ತುವುದಿಲ್ಲ. ಜನ ಹತ್ತುವುದಿಲ್ಲವೆಂದು ಎರಡರಲ್ಲಿ ಒಂದನ್ನು ರದ್ದು ಮಾಡುತ್ತಾರೆ. ಉಳಿದ ಒಂದಕ್ಕೆ ಹೋದವನು ಅದೇ ದಿನ ಹಿಂದಿರುಗುವಂತಿಲ್ಲವಾಗಿ ಅದೂ ಖಾಲಿಯಾಗುತ್ತದೆ. ಕೊನೆಗೆ ಬೇಡಿಕೆ ಇಲ್ಲ ಎಂಬ ಷರಾ ಬೀಳುತ್ತದೆ. ಆದ್ದರಿಂದ ಈಗಿನ ರೈಲಿನಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಂದು ಎಣಿಸಿದರೆ ಸಾಲದು. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬಸ್ಸಿನಲ್ಲಿ, ಸ್ವಂತ ವಾಹನದಲ್ಲಿ ಎಷ್ಟು ಜನ ಹೋಗುತ್ತಿದ್ದಾರೆ, ಅವರು ಎಷ್ಟು ಗಂಟೆಗೆ ಎಲ್ಲಿ ಇರಬೇಕು ಎಂಬುದನ್ನು ಎಣಿಸಬೇಕು.

ಈ ಸಿಕ್ಕನ್ನು ಬಿಡಿಸಿದ ಉದಾಹರಣೆಯೂ ಬ್ರಿಟನ್ನಿನಲ್ಲೇ ಇದೆ. ಉತ್ತರ ಇಂಗ್ಲೆಂಡಿನ ಸೆಟ್ಲ್‌ನಿಂದ ಕಾರ್ಲೈಲ್‌ವರೆಗಿನ ಮಾರ್ಗ 1876ರಲ್ಲಿ ಪ್ರಯಾಣಿಕರಿಗೆ ತೆರೆದದ್ದು; ಸುಮಾರು 117 ಕಿಲೋಮೀಟರ್ ಉದ್ದ, ಬೆಟ್ಟಗುಡ್ಡಗಳ ನಡುವಿನ ದಾರಿ. 1980ರ ದಶಕದ ಆರಂಭದಲ್ಲಿ ಅದನ್ನು ಮುಚ್ಚುವ ಸಿದ್ಧತೆ ನಡೆಯಿತು. ಇಪ್ಪತ್ತನಾಲ್ಕು ಕಮಾನುಗಳ ರಿಬಲ್‌ಹೆಡ್ ಸೇತುವೆ ಶಿಥಿಲವಾಗಿದೆ, ದುರಸ್ತಿಗೆ ವಿಪರೀತ ಖರ್ಚಾಗುತ್ತದೆ ಎಂಬುದು ಮುಖ್ಯ ಕಾರಣವಾಗಿತ್ತು. 1981ರಲ್ಲಿ ನಾಗರಿಕರು ಒಂದು ಸಂಘ ಕಟ್ಟಿದರು. ಅಲ್ಲಿನ ಕಾನೂನಿನಂತೆ ಮಾರ್ಗ ಮುಚ್ಚುವುದರ ವಿರುದ್ಧ ಪ್ರಯಾಣಿಕರು ಆಕ್ಷೇಪ ಸಲ್ಲಿಸಬಹುದಿತ್ತು. ಆದರೆ ಅದನ್ನು ಕೇಳುವ ಸಮಿತಿ, ಪ್ರಯಾಣಿಕರಿಗೆ ಆಗುವ ತೊಂದರೆಯನ್ನು ಮಾತ್ರ ಪರಿಗಣಿಸಬಹುದಿತ್ತು, ಲಾಭನಷ್ಟದ ಲೆಕ್ಕಕ್ಕೆ ಕೈ ಹಾಕುವಂತಿರಲಿಲ್ಲ. ಸಂಘದವರು ಈ ನಿಯಮವನ್ನು ಹಳಿಯುತ್ತ ಕೂರದೆ, ಆ ಇಕ್ಕಟ್ಟಿನ ಬಾಗಿಲಿನಲ್ಲೇ ಜನರನ್ನು ನುಗ್ಗಿಸಿದರು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಆಕ್ಷೇಪಗಳು ಬಂದವು. ಅವುಗಳಲ್ಲಿ ಒಂದು ನಾಯಿಯ ಪಂಜದ ಗುರುತೂ ಇತ್ತು! ಆ ನಾಯಿಗೆ ಟಿಕೆಟ್ ಕೊಂಡು ಕ್ರಮಬದ್ಧವಾಗಿ ಪ್ರಯಾಣ ಮಾಡಿಸುತ್ತಿದ್ದರಾದ್ದರಿಂದ ಅದೂ ಪ್ರಯಾಣಿಕನೇ ಎಂಬುದು ವಾದ. ಮಾರ್ಗದ ಗಾರ್ಸ್‌ಡೇಲ್ ನಿಲ್ದಾಣದಲ್ಲಿ ಈಗ ಅದರ ಪ್ರತಿಮೆ ಇದೆ.

ನಾಯಿಯ ಕತೆ ಕೇಳಲು ಚೆನ್ನಾಗಿದೆ, ಆದರೆ ಮಾರ್ಗವನ್ನು ಉಳಿಸಿದ್ದು ಮುಖ್ಯವಾಗಿ ಪ್ರಯಾಣಿಕರ ಸಂಖ್ಯೆ ಎಂದು ನನ್ನ ತಿಳಿವಳಿಕೆ. ಮುಚ್ಚುವ ಕೆಲಸದ ಉಸ್ತುವಾರಿಗೆಂದು ನೇಮಕಗೊಂಡ ರಾನ್ ಕಾಟನ್ ಎಂಬ ರೈಲ್ವೆ ಅಧಿಕಾರಿ, ಮಾರ್ಗ ಇರುವಷ್ಟು ದಿನ ಅದನ್ನು ಸರಿಯಾಗಿ ನಡೆಸೋಣ ಎಂದು ನಿರ್ಧರಿಸಿ ರೈಲುಗಳನ್ನು ಹೆಚ್ಚಿಸಿದರು, ರಿಯಾಯಿತಿ ದರ ತಂದರು. ಹಿಂದೆ ಮುಚ್ಚಿಹೋಗಿದ್ದ ಎಂಟು ಸಣ್ಣ ನಿಲ್ದಾಣಗಳು 1986ರಲ್ಲಿ ಮತ್ತೆ ತೆರೆದವು. 1983ರಲ್ಲಿ ವರ್ಷಕ್ಕೆ 93,000ದಷ್ಟಿದ್ದ ಪ್ರಯಾಣಗಳು 1989ರ ಹೊತ್ತಿಗೆ ನಾಲ್ಕೂವರೆ ಲಕ್ಷಕ್ಕೆ ಏರಿದವು. ಆ ವರ್ಷದ ಏಪ್ರಿಲ್‌ನಲ್ಲಿ ಸರಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು. ಸೇತುವೆಯ ದುರಸ್ತಿಯೂ ಮೊದಲು ಹೆದರಿಸಿದ್ದಕ್ಕಿಂತ ಎಷ್ಟೋ ಕಡಿಮೆ ವೆಚ್ಚದಲ್ಲಿ ಮುಗಿಯಿತು. ವ್ಯವಸ್ಥೆಯ ಒಳಗೆ ಇಂಥ ಒಬ್ಬ ಅಧಿಕಾರಿ ಇದ್ದಾನೆಯೇ ಎಂದು ಹುಡುಕುವುದೂ ನಾಗರಿಕ ಸಂಘದ ಕೆಲಸ. ಎಲ್ಲರನ್ನೂ ಶತ್ರುಗಳೆಂದು ಬಗೆದು ಘೋಷಣೆ ಕೂಗುವ ಸಂಘಕ್ಕೆ ಆ ಮನುಷ್ಯ ಕಣ್ಣಿಗೆ ಬೀಳುವುದೇ ಇಲ್ಲ.

ಇರುವ ಮಾರ್ಗವನ್ನು ಉಳಿಸಿಕೊಳ್ಳುವುದು ಒಂದು ಬಗೆಯಾದರೆ, ನಿಂತುಹೋದ ರೈಲನ್ನು ಮತ್ತೆ ಓಡಿಸುವುದು ಇನ್ನೊಂದು ಬಗೆ. ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಿಂದ ಬಾಸ್ಟನ್‌ಗೆ ಹೋಗುತ್ತಿದ್ದ ಪ್ರಯಾಣಿಕ ರೈಲು 1965ರಲ್ಲಿ ನಿಂತಿತು. 1989ರಲ್ಲಿ ಟ್ರೇನ್‌ರೈಡರ್ಸ್ ನಾರ್ತ್‌ಈಸ್ಟ್ ಎಂಬ ನಾಗರಿಕ ಸಂಘ ಹುಟ್ಟಿತು. ನಾಗರಿಕರೇ ಸಹಿ ಸಂಗ್ರಹಿಸಿ ಮಸೂದೆಯೊಂದನ್ನು ಶಾಸನಸಭೆಯ ಮುಂದಿಡಲು ಆ ರಾಜ್ಯದಲ್ಲಿ ಅವಕಾಶವಿದೆ. ಸಂಘ ಆ ಹಾದಿ ಹಿಡಿದು, 1991ರಲ್ಲಿ ಪ್ರಯಾಣಿಕ ರೈಲು ಸೇವೆಯ ಕಾನೂನು ಜಾರಿಯಾಗುವಂತೆ ಮಾಡಿತು. ಕಾನೂನು ಬಂದ ಮಾತ್ರಕ್ಕೆ ರೈಲು ಬರಲಿಲ್ಲ. ಸೇವೆಯನ್ನು ನೋಡಿಕೊಳ್ಳುವ ಪ್ರಾಧಿಕಾರ ರಚನೆಯಾದದ್ದು 1995ರಲ್ಲಿ. ಹಳಿ ಸರಕು ಸಾಗಣೆಯ ಕಂಪನಿಯೊಂದರ ಸ್ವತ್ತು. ಗಂಟೆಗೆ 95 ಕಿಲೋಮೀಟರಿಗಿಂತ ಹೆಚ್ಚಿನ ವೇಗಕ್ಕೆ ಆ ಕಂಪನಿ ಒಪ್ಪಲಿಲ್ಲ. ಸಂಘ ಮತ್ತು ಪ್ರಾಧಿಕಾರ 127 ಕಿಲೋಮೀಟರ್ ಬೇಕೆಂದು ಪಟ್ಟು ಹಿಡಿದವು. ಆ ವೇಗಕ್ಕೆ ಹಳಿಯ ತೂಕ ಸಾಕೇ ಸಾಲದೇ ಎಂಬ ವಾದ ಕೇಂದ್ರ ನಿಯಂತ್ರಣ ಮಂಡಳಿಯ ಮುಂದೆ ಹೋಯಿತು. ಡೌನ್‌ಈಸ್ಟರ್ ಎಂಬ ಆ ರೈಲು ಕೊನೆಗೆ ಹೊರಟದ್ದು 2001ರ ಡಿಸೆಂಬರ್ 15ರಂದು. ವೇಗಕ್ಕಾಗಿ ಅಷ್ಟು ಹಟ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಹೆದ್ದಾರಿಯಲ್ಲಿ ಹೋಗುವ ಕಾರಿಗಿಂತ ರೈಲು ತೀರಾ ತಡವಾಗಿ ತಲುಪಿದರೆ ಮೊದಲ ತಿಂಗಳ ಉತ್ಸಾಹ ಮುಗಿದ ಮೇಲೆ ಯಾರೂ ಹತ್ತುವುದಿಲ್ಲ. ಕೆಟ್ಟ ರೈಲನ್ನು ಒಪ್ಪಿಕೊಳ್ಳುವುದು ಮುಂದಿನ ರದ್ದತಿಗೆ ಈಗಲೇ ಸಹಿ ಹಾಕಿದಂತೆ.

ರೈಲು ಬಂದ ಮೇಲೆ ಸಂಘ ಮನೆಗೆ ಹೋಗಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಅದರ ಸ್ವಯಂಸೇವಕರು ಡೌನ್‌ಈಸ್ಟರ್ ರೈಲಿನಲ್ಲೇ ಓಡಾಡುತ್ತ, ಮುಂದಿನ ನಿಲ್ದಾಣದಲ್ಲಿ ಯಾವ ಬಸ್ ಸಿಗುತ್ತದೆ, ಎಲ್ಲಿ ಇಳಿದರೆ ಅನುಕೂಲ ಎಂದು ಪ್ರಯಾಣಿಕರಿಗೆ ತಿಳಿಸುತ್ತಾರೆ. ಜನ ಏನು ದೂರುತ್ತಾರೆ, ಯಾವ ಹೊತ್ತಿನ ಗಾಡಿ ತುಂಬುತ್ತದೆ ಎಂಬುದು ಹೀಗೆ ಅವರಿಗೆ ನೇರವಾಗಿ ಗೊತ್ತಾಗುತ್ತದೆ. 2012ರ ನವೆಂಬರ್‌ನಲ್ಲಿ ರೈಲು ಪೋರ್ಟ್‌ಲ್ಯಾಂಡಿನಿಂದಾಚೆ ಬ್ರನ್ಸ್‌ವಿಕ್ ಎಂಬ ಊರಿನವರೆಗೆ ಮುಂದುವರಿಯಿತು.

ನಿಲುಗಡೆಯ ಬೇಡಿಕೆಯ ಬಗ್ಗೆ ಎರಡು ಮಾತು. ದೂರದ ಎಕ್ಸ್‌ಪ್ರೆಸ್ ರೈಲು ತಮ್ಮಲ್ಲಿ ನಿಲ್ಲಲಿ ಎಂಬುದು ಎಲ್ಲೆಡೆ ಕೇಳುವ ಬೇಡಿಕೆ. ನಿಲ್ಲುವುದು ಎರಡೇ ನಿಮಿಷವಾದರೂ ವೇಗ ತಗ್ಗಿಸಿ ಮತ್ತೆ ಏರಿಸುವ ಹೊತ್ತು ಸೇರಿ ಐದಾರು ನಿಮಿಷ ಕಳೆಯುತ್ತದೆ; ಇಂಥ ಹತ್ತು ನಿಲುಗಡೆ ಸೇರಿದರೆ ಒಂದು ಗಂಟೆ. ಅದರ ಬದಲು, ನಿಯಮಿತವಾಗಿ ಓಡುವ ಸ್ಥಳೀಯ ರೈಲು ಜಂಕ್ಷನ್ನಿನಲ್ಲಿ ಎಕ್ಸ್‌ಪ್ರೆಸ್ಸಿಗೆ ಹದಿನೈದು ನಿಮಿಷ ಮೊದಲು ತಲುಪುವಂತೆ ಕೇಳಿದರೆ ಮಾರ್ಗದ ಎಲ್ಲ ಊರುಗಳಿಗೂ ಎಕ್ಸ್‌ಪ್ರೆಸ್ ಸಿಕ್ಕಂತಾಗುತ್ತದೆ. ಸ್ವಿಟ್ಜರ್‌ಲ್ಯಾಂಡ್ 1982ರಲ್ಲಿ ಗಂಟೆಗೊಂದು ರೈಲು ಎಂಬ ವೇಳಾಪಟ್ಟಿಯನ್ನು ದೇಶಾದ್ಯಂತ ತಂದಿತು. 1987ರಲ್ಲಿ ಅಲ್ಲಿನ ಮತದಾರರು ಜನಮತಗಣನೆಯಲ್ಲಿ ರೈಲು 2000 ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟರು. ಮೊದಲು ವೇಳಾಪಟ್ಟಿ ಬರೆದು, ಅದಕ್ಕೆ ಎಲ್ಲಿ ಹೊಸ ಹಳಿ ಬೇಕೋ ಅಲ್ಲಿ ಮಾತ್ರ ಹಳಿ ಹಾಕುವುದು ಅದರ ಕ್ರಮ. ಜ್ಯೂರಿಚ್ ಮತ್ತು ಬರ್ನ್ ನಡುವಿನ ಪ್ರಯಾಣವನ್ನು ಒಂದು ಗಂಟೆಯೊಳಕ್ಕೆ ಇಳಿಸಿದ್ದು, ಎರಡೂ ಕಡೆ ಇತರ ರೈಲುಗಳು ಬಂದು ಸೇರುವ ಹೊತ್ತಿಗೆ ಅದೂ ಅಲ್ಲಿರಬೇಕು ಎಂಬ ಕಾರಣಕ್ಕೆ. ಆ ವೇಳಾಪಟ್ಟಿ 2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು.

ಕಡೆಯದಾಗಿ ಸ್ಕಾಟ್‌ಲ್ಯಾಂಡಿನ ಗಡಿ ಪ್ರದೇಶ. ಎಡಿನ್‌ಬರೊದಿಂದ ಕಾರ್ಲೈಲ್‌ಗೆ ಹೋಗುತ್ತಿದ್ದ ಮಾರ್ಗ 1969ರ ಜನವರಿಯಲ್ಲಿ ಮುಚ್ಚಿತು; ಕೊನೆಯ ರೈಲನ್ನು ನ್ಯೂಕ್ಯಾಸಲ್‌ಟನ್ ಎಂಬ ಊರಿನ ಜನ ಹಳಿಯ ಮೇಲೆ ನಿಂತು ತಡೆದರು. ತಡೆದದ್ದರಿಂದ ಏನೂ ಆಗಲಿಲ್ಲ. ಮೂವತ್ತು ವರ್ಷಗಳ ನಂತರ, 1999ರಲ್ಲಿ, ಹೊಸ ಸಂಘವೊಂದು ಹುಟ್ಟಿ ಸ್ಕಾಟ್‌ಲ್ಯಾಂಡಿನ ಹೊಸ ಸಂಸತ್ತಿಗೆ ಮನವಿ ಸಲ್ಲಿಸಿತು. 2006ರಲ್ಲಿ ಮಾರ್ಗ ನಿರ್ಮಾಣದ ಕಾನೂನು ಬಂತು. 2015ರ ಸೆಪ್ಟೆಂಬರ್‌ನಲ್ಲಿ ಎಡಿನ್‌ಬರೊದಿಂದ ಟ್ವೀಡ್‌ಬ್ಯಾಂಕ್‌ವರೆಗೆ ರೈಲು ಓಡಿತು. ಮೊದಲ ವರ್ಷವೇ ಪ್ರಯಾಣಗಳ ಸಂಖ್ಯೆ ಹತ್ತು ಲಕ್ಷ ದಾಟಿತು, ಟ್ವೀಡ್‌ಬ್ಯಾಂಕ್‌ನಲ್ಲಿ ಯೋಜಕರ ಅಂದಾಜು ಹಲವು ಪಟ್ಟು ಮೀರಿತು. ಆದರೆ ವೆಚ್ಚ ತಗ್ಗಿಸಲೆಂದು ಮಾರ್ಗದ ಬಹುಭಾಗವನ್ನು ಒಂಟಿ ಹಳಿಯಾಗಿಯೇ ಕಟ್ಟಿದ್ದರಿಂದ ಒಂದು ಗಾಡಿ ತಡವಾದರೆ ಎದುರಿನದೂ ಕಾಯಬೇಕು, ಮತ್ತು ಗಾಡಿಗಳ ಸಂಖ್ಯೆಯನ್ನು ಹೆಚ್ಚಿಸುವುದು ಕಷ್ಟ. ಸಂಘ ಈಗಲೂ ಇದೆ. ಹಾಯಿಕ್ ಎಂಬ ಪಟ್ಟಣದ ಮೂಲಕ ಕಾರ್ಲೈಲ್‌ವರೆಗಿನ ಉಳಿದ ಭಾಗವನ್ನು ಕಟ್ಟಬೇಕೆಂಬುದು ಅದರ ಇಂದಿನ ಬೇಡಿಕೆ.

ನಮಸ್ಕಾರ.