ಎರಡನೇ ಸಲ ಸಿಕ್ಕಿಬಿದ್ದ ಹುಡುಗ

ಕೇಳುಗರಿಗೆ ನಮಸ್ಕಾರ.

ನಾನಿರುವುದು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ. ಇಲ್ಲಿ 18 ತುಂಬದ ಮಕ್ಕಳನ್ನು ಪೊಲೀಸರು ಹಿಡಿದರೆ, ವಿಚಾರಣೆ ವೇಳೆ ಮಗುವಿನ ಪರವಾಗಿ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಅಪ್ಪ ಅಮ್ಮ ಬರಲು ಆಗದಿದ್ದರೆ ನಮ್ಮಂಥ ಸ್ವಯಂಸೇವಕರು ಹೋಗಿ ಕೂರುತ್ತೇವೆ.

ಒಂದು ರಾತ್ರಿ ಹಾಗೆ ಹೋದೆ. 16ರ ಹುಡುಗ. ಶೂ ಲೇಸ್ ಬಿಚ್ಚಿಸಿಕೊಂಡಿದ್ದರು. ನಡೆದರೆ ಶೂ ಕಾಲಿಂದ ಕಳಚಿ ಬರುತ್ತಿತ್ತು, ಬೆರಳು ಮಡಚಿ ಹಿಡಿದುಕೊಂಡೇ ಹೆಜ್ಜೆ ಇಡುತ್ತಿದ್ದ. ಪೇಪರ್ ಕಪ್ಪಿನ ಟೀ ಮುಟ್ಟಿರಲಿಲ್ಲ. ಅವನ ಹತ್ತಿರ ಸಿಕ್ಕಿದ್ದು ಅಡುಗೆಮನೆ ಚಾಕು, ಈರುಳ್ಳಿ ಹೆಚ್ಚುತ್ತೀವಲ್ಲ, ಅಂಥದ್ದು. ಯಾರಿಗೂ ಚುಚ್ಚಿರಲಿಲ್ಲ. ಆದರೆ ಸಿಕ್ಕಿಬಿದ್ದಿದ್ದು ಎರಡನೇ ಸಲ. ಯಾಕಪ್ಪಾ ಅಂದರೆ, ಕಾಲೇಜಿಗೆ ಹೋಗುವ ಬಸ್ ಸ್ಟಾಪಿನಲ್ಲಿ ಕೆಲವರು ಕಾಯುತ್ತಿರುತ್ತಾರೆ ಅಂದ. ಆಮೇಲೆ ಕೇಳಿದ, ಆ ಸ್ಟಾಪ್ ತಪ್ಪಿಸಿ ಹೋಗುವ ಬಸ್ ಯಾವುದಾದರೂ ಇದೆಯಾ ಅಂತ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2015ರ ಜುಲೈನಿಂದ ಒಂದು ನಿಯಮ ಇದೆ. ಚಾಕು ಇಟ್ಟುಕೊಂಡ ತಪ್ಪು ಎರಡನೇ ಸಲ ಸಾಬೀತಾದರೆ ದೊಡ್ಡವರಿಗೆ ಕನಿಷ್ಠ 6 ತಿಂಗಳು, 16–17ರ ಮಕ್ಕಳಿಗೆ ಕನಿಷ್ಠ 4 ತಿಂಗಳು. ಬಿಡುವುದಕ್ಕೆ ತೀರಾ ಅಸಾಧಾರಣ ಕಾರಣ ಇದೆ ಎಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಬಿಡಬಹುದು. ನನಗೆ ಸಹಿಸಲಾಗದ ಮಾತೊಂದಿದೆ. 18 ದಾಟಿದವನ ಶಿಕ್ಷೆಯನ್ನು ಅಮಾನತಿನಲ್ಲಿ ಇಡಬಹುದು: ನೆಟ್ಟಗಿದ್ದರೆ ಮನೆಯಲ್ಲಿರು, ಮತ್ತೆ ತಪ್ಪಿದರೆ ಒಳಗೆ. ಮಕ್ಕಳ ಶಿಕ್ಷೆಗೆ ಆ ದಾರಿಯೇ ಇಲ್ಲ! ದೊಡ್ಡವನಿಗೆ ಕೊಡುವ ಅವಕಾಶ ಚಿಕ್ಕವನಿಗೆ ಇಲ್ಲ ಅಂದರೆ ಹೇಗೆ?

ನಾಲ್ಕು ತಿಂಗಳಲ್ಲಿ ಸಾಮಾನ್ಯವಾಗಿ ಅರ್ಧ ಒಳಗೆ, ಉಳಿದರ್ಧ ಹೊರಗೆ ನಿಗಾದಲ್ಲಿ. ಬೆಂಗಳೂರಿನಿಂದ ಬಂದು ಹೀಥ್ರೂನಲ್ಲಿ ಇಳಿಯುತ್ತೀರಲ್ಲ, ಅಲ್ಲೇ ಹತ್ತಿರದಲ್ಲಿ ಫೆಲ್ಟಮ್ ಇದೆ, ಹುಡುಗರ ಜೈಲು. ಎರಡು ತಿಂಗಳಲ್ಲಿ ಓದು ನಿಲ್ಲುತ್ತದೆ, ಅವನಿಗಿಂತ ಪಳಗಿದವರ ಸಹವಾಸ ಆಗುತ್ತದೆ. ವಾಪಸ್ ಬಂದಾಗ ಅದೇ ಬಸ್ ಸ್ಟಾಪ್. ಕಾಯುವವರು ಅಲ್ಲೇ ಇರುತ್ತಾರೆ.

ನಮ್ಮ ಬೀದಿಯ ಕೊನೆಯ ಕಂಬಿಗೆ ಹೂವು ಕಟ್ಟಿರುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಬಾಡಿದ್ದನ್ನು ತೆಗೆದು ಹೊಸದು ಕಟ್ಟುತ್ತಾರೆ. 'ಚಾಕು ಹಿಡಿದವನನ್ನು ಸುಮ್ನೆ ಬಿಡಬೇಡಿ' ಅಂತ ಅವರು ಹೇಳಿದರೆ ನಾನು ತಲೆ ತಗ್ಗಿಸುತ್ತೇನೆ. ವಾದಕ್ಕೆ ಇಳಿಯುವುದಿಲ್ಲ. ಸುಮ್ಮನೆ ಬಿಡಿ ಅಂತ ನಾನೂ ಹೇಳುತ್ತಿಲ್ಲ.

ಸ್ಕಾಟ್ಲೆಂಡಿನಲ್ಲಿ ಚಾಕು ಇಟ್ಟುಕೊಂಡಿದ್ದಕ್ಕೆ ಇಂಥ ಕನಿಷ್ಠ ಶಿಕ್ಷೆ ಇಲ್ಲ. ಗ್ಲಾಸ್ಗೋದಲ್ಲಿ ಇರಿತ ವಿಪರೀತವಾಗಿದ್ದಾಗ, 2005ರಲ್ಲಿ, ಅಲ್ಲಿನ ಪೊಲೀಸರೇ ಹಿಂಸೆ ತಡೆಯಲು ಬೇರೆ ಘಟಕ ಕಟ್ಟಿದರು. ಇದನ್ನು ಅಂಟುರೋಗದ ಹಾಗೆ ನೋಡಿದರು. 2015ರಿಂದ ಗ್ಲಾಸ್ಗೋ ರಾಯಲ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನ್ಯಾವಿಗೇಟರ್ ಎನ್ನುವವರು ಇರುತ್ತಾರೆ. ಗಾಯ ಹೊಲಿಸಿಕೊಳ್ಳುತ್ತಿರುವ ಹುಡುಗನ ಹಾಸಿಗೆ ಪಕ್ಕ ಬಂದು ಮಾತಿಗೆ ಕೂರುತ್ತಾರೆ. ಮನೆ, ಕೆಲಸ, ಕುಡಿತ, ಸೇಡು, ಎಲ್ಲದರ ಬಗ್ಗೆ. ಆ ಊರಲ್ಲಿ ಪೊಲೀಸರು ಸಡಿಲ ಬಿಟ್ಟರು ಅಂದುಕೊಳ್ಳಬೇಡಿ. ಜೈಲೂ ಇತ್ತು. ಅದೊಂದನ್ನೇ ನಂಬಿ ಕೂರಲಿಲ್ಲ ಅಷ್ಟೇ.

ಹಾಗಾಗಿ ನಾನು ಕೇಳುವುದು ಇಷ್ಟು. 16–17ರವರ ಈ ನಾಲ್ಕು ತಿಂಗಳನ್ನೂ ಅಮಾನತಿನಲ್ಲಿಡುವ ಅಧಿಕಾರ ನ್ಯಾಯಾಲಯಕ್ಕೆ ಸಿಗಲಿ. ಆ ಅವಧಿಯಲ್ಲಿ ಕಾಲೇಜು ತಪ್ಪಬಾರದು, ಸಂಜೆ ಮನೆ ಸೇರಬೇಕು, ವಾರ ವಾರ ಒಬ್ಬರನ್ನು ಕಂಡು ಮಾತಾಡಬೇಕು. ಬಸ್ ಸ್ಟಾಪಿನಲ್ಲಿ ಕಾಯುವವರನ್ನು ಪೊಲೀಸರು ವಿಚಾರಿಸಿಕೊಳ್ಳಲಿ. ಇಷ್ಟೆಲ್ಲ ಆದಮೇಲೂ ಮೂರನೇ ಸಲ ಚಾಕು ಸಿಕ್ಕಿದರೆ ಅವನು ಒಳಗೆ ಹೋಗಲಿ. ನಾನು ಅಡ್ಡ ಬರುವುದಿಲ್ಲ.

ನಮಸ್ಕಾರ.